ಕನಕನ ಕಿಂಡಿಯಲ್ಲಿ ಕ್ವಾಂಟಂ ಹುಡುಕುವವರಿಗೆ

ಮಣಿಪಾಲದಲ್ಲಿ ನಡೆದ ಒಂದು ಸಾಹಿತ್ಯ ಗೋಷ್ಠಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ವಿಷಯ, ಹೊಸ ಕಥನದ ಸಾಧ್ಯತೆಗಳು. ಭಾಷಣಕಾರರು ಓದಿಕೊಂಡವರು, ಮಾತು ಬಲ್ಲವರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಶ್ರೋಡಿಂಗರನ ಬೆಕ್ಕು ವೇದಿಕೆಗೆ ಬಂತು. ಬೆಕ್ಕಿನ ಹಿಂದೆಯೇ ಹೈಸೆನ್‌ಬರ್ಗ್ ಬಂದ. ಕೊನೆಗೆ ಅವರು ಉಡುಪಿಯ ದಿಕ್ಕಿಗೆ ಕೈ ಚಾಚಿ ಹೇಳಿದರು: ಕನಕದಾಸರು ನೋಡಿದರು, ಕೃಷ್ಣ ತಿರುಗಿದ. ನೋಡುವವನು ತಾನು ನೋಡುವುದನ್ನು ಬದಲಿಸುತ್ತಾನೆ ಎಂದು ಕ್ವಾಂಟಂ ಭೌತಶಾಸ್ತ್ರ ಇಪ್ಪತ್ತನೆಯ ಶತಮಾನದಲ್ಲಿ ಕಂಡುಕೊಂಡದ್ದು ನಮ್ಮ ಕಿಂಡಿಗೆ ಎಂದೋ ಗೊತ್ತಿತ್ತು. ಸಭೆ ಚಪ್ಪಾಳೆ ತಟ್ಟಿತು.

ನನ್ನ ಪಕ್ಕದಲ್ಲಿದ್ದ ಹುಡುಗ ತಟ್ಟಲಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವವನು, ಕಾರ್ಕಳ ಕಡೆಯವನು. ಚಹಾದ ಹೊತ್ತಿಗೆ ಮೆಲ್ಲಗೆ ಹೇಳಿದ: "ಎಂತ ಸರ್ ಇದು? ನಾವು ಪರೀಕ್ಷೆಯಲ್ಲಿ ಹೀಗೆ ಬರೆದರೆ ಸೊನ್ನೆ ಸಿಗ್ತದೆ."

ಭೌತಶಾಸ್ತ್ರದ ಪರವಾಗಿ ಅವನು ಕೊಟ್ಟ ಸೊನ್ನೆ ಅವನಿಗಿರಲಿ. ಸಾಹಿತ್ಯದ ಪರವಾಗಿ ಇನ್ನೊಂದು ಸೊನ್ನೆ ಕೊಡಬೇಕಾಗಿದೆ. ಈ ಬರಹ ಅದಕ್ಕಾಗಿ.

ಇದು ಒಬ್ಬರ ಭಾಷಣದ ಮಾತಾಗಿದ್ದರೆ ಮರೆತುಬಿಡಬಹುದಿತ್ತು. ಈಗ ಕಾದಂಬರಿಯಲ್ಲಿ ಇಬ್ಬರು ಒಂದೇ ಘಟನೆಯನ್ನು ಬೇರೆಬೇರೆಯಾಗಿ ಹೇಳಿದರೆ ಅದು 'ಕ್ವಾಂಟಂ ಕಥನ'. ಕತೆಗೆ ಎರಡು ಕೊನೆಗಳಿದ್ದರೆ 'ಸೂಪರ್‌ಪೊಸಿಷನ್'. ಊರಲ್ಲಿರುವ ತಂಗಿ ಅತ್ತಾಗ ಮುಂಬಯಿಯ ಹೋಟೆಲಿನಲ್ಲಿರುವ ಅಣ್ಣನಿಗೆ ನಿದ್ದೆ ಬಾರದಿದ್ದರೆ 'ಎಂಟ್ಯಾಂಗಲ್‌ಮೆಂಟ್'. ಬೆನ್ನುಡಿ ಬರೆಯುವವರಿಗೆ ಇದೊಂದು ಹೊಸ ಒಗ್ಗರಣೆ ಸಿಕ್ಕಿದೆ. 2025ನ್ನು ವಿಶ್ವಸಂಸ್ಥೆ ಕ್ವಾಂಟಂ ವಿಜ್ಞಾನ ಮತ್ತು ತಂತ್ರಜ್ಞಾನದ ಅಂತರರಾಷ್ಟ್ರೀಯ ವರ್ಷವೆಂದು ಸಾರಿದ್ದೂ ಒಗ್ಗರಣೆಯ ಬೆಂಕಿಗೆ ಸ್ವಲ್ಪ ಗಾಳಿ ಹಾಕಿರಬಹುದು.

ನನ್ನ ತಕರಾರು ಇಷ್ಟು: ಕತೆ ಹೇಳುವ ಕಲೆಗೆ ಕ್ವಾಂಟಂ ಭೌತಶಾಸ್ತ್ರದಿಂದ ಪರವಾನಗಿ ಬೇಡ. ಹಾಗೆ ತಂದ ಪರವಾನಗಿ ನಕಲಿ. ಆ ನಕಲಿ ಕಾಗದದ ಮರೆಯಲ್ಲಿ, ಕತೆಯೊಂದು ಕೇಳಲೇಬೇಕಾದ ಪ್ರಶ್ನೆ ತಪ್ಪಿಸಿಕೊಂಡು ಹೋಗುತ್ತಿದೆ.

ನಕಲಿ ಯಾಕೆ ಎಂಬುದನ್ನು ಮೊದಲು ನೋಡೋಣ. ಕ್ವಾಂಟಂ ಸಿದ್ಧಾಂತದಲ್ಲಿ 'ನೋಡುವುದು' ಎಂದರೆ ಕಣ್ಣು ಬಿಟ್ಟು ನೋಡುವುದಲ್ಲ, ಅಳೆಯುವುದು. ಅಳೆಯಲು ಮನುಷ್ಯನೇ ಬೇಕೆಂದಿಲ್ಲ. 1989ರಲ್ಲಿ ಜಪಾನಿನ ಅಕಿರಾ ಟೊನೊಮುರ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಪ್ರಸಿದ್ಧವಾದದ್ದು. ಎರಡು ದಾರಿಗಳು ತೆರೆದಿರುವಲ್ಲಿ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟರು. ಪ್ರತಿಯೊಂದೂ ಪರದೆಯ ಮೇಲೆ ಒಂದು ಚುಕ್ಕಿಯಾಗಿ ಬಿತ್ತು. ಹತ್ತು ಚುಕ್ಕಿ ಬಿದ್ದಾಗ ಏನೂ ತಿಳಿಯದು. ಸಾವಿರಾರು ಬಿದ್ದ ಮೇಲೆ ಪಟ್ಟೆಗಳು ಮೂಡಿದವು, ಅಲೆಗಳು ಒಂದರೊಡನೊಂದು ಸೇರಿದಾಗ ಮೂಡುವಂಥ ಪಟ್ಟೆಗಳು. ಇಂಥ ಪ್ರಯೋಗದಲ್ಲಿ ಎಲೆಕ್ಟ್ರಾನು ಯಾವ ದಾರಿಯಲ್ಲಿ ಹೋಯಿತೆಂದು ಒಂದು ಉಪಕರಣ ಗುರುತು ಹಾಕಿಕೊಂಡರೆ ಪಟ್ಟೆಗಳು ಅಳಿಸಿಹೋಗುತ್ತವೆ. ಆ ಗುರುತನ್ನು ಯಾರಾದರೂ ಓದಿದರೋ ಇಲ್ಲವೋ, ಪ್ರಯೋಗ ಮಾಡುವವರು ಬಾಗಿಲು ಹಾಕಿ ಮನೆಗೆ ಹೋದರೋ, ಅದರಿಂದ ವ್ಯತ್ಯಾಸವಾಗುವುದಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಊರಿನ ಉದಾಹರಣೆಯೇ ಇದೆ. ಕಾಪುವಿನ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರನ್ನು ನಾವು 1975ರ ಆರ್ಯಭಟ ಉಪಗ್ರಹದಿಂದ ನೆನೆಯುತ್ತೇವೆ. ಅದಕ್ಕೂ ಮೊದಲು ಅವರು ವಿಶ್ವಕಿರಣಗಳ ಸಂಶೋಧಕರು. ಅಮೆರಿಕದ ಪಯನಿಯರ್ ನೌಕೆಗಳಲ್ಲಿ ಅವರ ಪ್ರಯೋಗಗಳು ಹೋಗಿದ್ದವು. ಕೋಟ್ಯಂತರ ಮೈಲಿ ದೂರದ ಕತ್ತಲಲ್ಲಿ, ಒಂದು ನರಪಿಳ್ಳೆಯೂ ಇಲ್ಲದ ಕಡೆ, ಕಣವೊಂದು ಉಪಕರಣಕ್ಕೆ ತಾಗಿದರೆ ಎಣಿಕೆ ಒಂದು ಏರುತ್ತದೆ. ನೋಡುವವನ ಮನಸ್ಸು ಲೋಕವನ್ನು ಸೃಷ್ಟಿಸುತ್ತದೆ ಎಂದು ಅದಮಾರಿನ ಆಸುಪಾಸಿನಲ್ಲಿ ಭಾಷಣ ಮಾಡುವಾಗ ಇದೊಂದು ನೆನಪಿದ್ದರೆ ಒಳ್ಳೆಯದು.

ಅನಿಶ್ಚಿತತಾ ತತ್ತ್ವದ ಪಾಡೂ ಇದೇ. ಹೈಸೆನ್‌ಬರ್ಗ್ 1927ರಲ್ಲಿ ಹೇಳಿದ್ದು 'ಯಾವುದೂ ಖಚಿತವಲ್ಲ' ಎಂದಲ್ಲ. ಕಣದ ಸ್ಥಾನ ಮತ್ತು ಸಂವೇಗ ಎರಡನ್ನೂ ಒಟ್ಟಿಗೆ ಎಷ್ಟರಮಟ್ಟಿಗೆ ನಿಗದಿ ಮಾಡಬಹುದು ಎಂಬುದಕ್ಕೆ ಒಂದು ಮಿತಿಯಿದೆ, ಆ ಮಿತಿಯ ಲೆಕ್ಕ ಕರಾರುವಾಕ್ಕಾಗಿದೆ. ಎಂಟ್ಯಾಂಗಲ್‌ಮೆಂಟಿನ ಪ್ರಯೋಗಗಳಿಗೆ 2022ರಲ್ಲಿ ಆಸ್ಪೆ, ಕ್ಲೌಸರ್, ತ್ಸೈಲಿಂಗರ್ ಎಂಬ ಮೂವರಿಗೆ ನೊಬೆಲ್ ಬಂತು. ದೂರದ ಎರಡು ಕಣಗಳ ಅಳತೆಗಳ ನಡುವೆ ವಿಚಿತ್ರವಾದ ಹೊಂದಾಣಿಕೆ ಇರುತ್ತದೆ, ನಿಜ. ಆದರೆ ಆ ಹೊಂದಾಣಿಕೆಯನ್ನಷ್ಟೇ ಬಳಸಿ ಒಂದಕ್ಷರದ ಸಂದೇಶವನ್ನೂ ಕಳುಹಿಸಲಾಗದು ಎಂಬುದು ಅದೇ ಸಿದ್ಧಾಂತದ ತೀರ್ಮಾನ. ಅಣ್ಣನಿಗೆ ನಿದ್ದೆ ಬಾರದಿರಲು ಬೇರೆ ಕಾರಣಗಳಿವೆ. ಊರಿನ ಸಾಲ ಇರಬಹುದು. ತಂಗಿಗೆ ತಾನು ಮಾಡಿದ ಅನ್ಯಾಯದ ನೆನಪಿರಬಹುದು. ಕತೆಗಾರ ಬರೆಯಬೇಕಾದದ್ದು ಅದನ್ನು.

ಭೌತಶಾಸ್ತ್ರಜ್ಞರಲ್ಲೇ ಜಗಳವಿಲ್ಲವೇ ಎಂದು ಕೇಳಬಹುದು. ಇದೆ. ಅಳತೆಯಾದಾಗ ನಿಜವಾಗಿ ನಡೆಯುವುದೇನು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಯೂಜೀನ್ ವಿಗ್ನರ್ ಅಂಥ ದೊಡ್ಡ ವಿಜ್ಞಾನಿ 1961ರಲ್ಲಿ, ಅಳತೆಯಲ್ಲಿ ಪ್ರಜ್ಞೆಗೂ ಪಾತ್ರವಿದೆ ಎಂದು ವಾದಿಸಿದ್ದ. ಮುಂದೆ ಅವನೇ ಆ ನಿಲುವಿನಿಂದ ಹಿಂದೆ ಸರಿದ. ನಮ್ಮ ಗೋಷ್ಠಿಗಳಿಗೆ ವಿಗ್ನರ್ ಮುಂದಿಟ್ಟ ಹೆಜ್ಜೆ ಮಾತ್ರ ತಲುಪಿದೆ, ಹಿಂದಿಟ್ಟದ್ದು ತಲುಪಿಲ್ಲ.

ಕಾಪುವಿನ ದೀಪಸ್ತಂಭವನ್ನೇ ನೋಡಿ. ಅದು ಎದ್ದದ್ದು 1901ರಲ್ಲಿ. ಬೆಳಕಿನ ಶಕ್ತಿ ತುಣುಕುತುಣುಕಾಗಿ ಬರುತ್ತದೆ ಎಂಬ ವಿಚಾರಕ್ಕೆ ದಾರಿ ತೆರೆದ ಲೆಕ್ಕವನ್ನು ಮ್ಯಾಕ್ಸ್ ಪ್ಲಾಂಕ್ ಬರ್ಲಿನ್ನಿನಲ್ಲಿ ಮಂಡಿಸಿದ್ದು 1900ರ ಡಿಸೆಂಬರಿನಲ್ಲಿ. ಹೆಚ್ಚುಕಡಿಮೆ ಒಂದೇ ವಯಸ್ಸಿನ ಎರಡು ಬೆಳಕುಗಳು. ಆದರೆ ದೀಪಸ್ತಂಭ ಕಟ್ಟಿದ್ದು ಯಾಕೆ? ದೋಣಿಯವನು ನೋಡದಿದ್ದರೂ ಬಂಡೆ ಬಂಡೆಯಾಗಿಯೇ ಇರುತ್ತದೆ ಎಂಬ ಕಾರಣಕ್ಕೆ. ಬಂಡೆಯನ್ನು ಗಾಳಿ, ನೀರು, ಬೆಳಕು ಎಡೆಬಿಡದೆ ಮುಟ್ಟುತ್ತಲೇ ಇರುತ್ತವೆ. ಎಲೆಕ್ಟ್ರಾನಿನ ಹಾಗೆ ಎರಡು ದಾರಿಗಳ ನಡುವೆ ತೂಗಾಡುವ ಪುರುಸೊತ್ತು ಅದಕ್ಕಿಲ್ಲ. ಮನುಷ್ಯರ ಗಾತ್ರದ ಸಂಗತಿಗಳಿಗೆ ಎಲೆಕ್ಟ್ರಾನಿನ ನಡತೆಯನ್ನು ಸುಮ್ಮನೆ ಅಂಟಿಸಬಾರದು ಎನ್ನುವುದು ಇದಕ್ಕೇ.

ಇನ್ನು ಸಾಹಿತ್ಯದ ಸೊನ್ನೆ. ಕೇಳುವವರು ಕತೆಯನ್ನು ಬದಲಿಸುತ್ತಾರೆ, ಒಂದು ಕತೆಗೆ ಹಲವು ಬಾಯಿಗಳಿವೆ ಎಂಬುದನ್ನು ಕಲಿಯಲು ನಾವು ಪ್ಲಾಂಕನವರೆಗೆ ಕಾಯಬೇಕಾಗಿತ್ತೇ? ಕಾರ್ಕಳ ತಾಲೂಕಿನ ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, 1901ರ ಫೆಬ್ರವರಿಯಲ್ಲಿ ತೀರಿಕೊಂಡ. ಪ್ಲಾಂಕನ ಉಪನ್ಯಾಸವಾಗಿ ಎರಡೇ ತಿಂಗಳು. ಕ್ಷಯ ಅವನನ್ನು ಮೂವತ್ತೊಂದನೆಯ ವಯಸ್ಸಿಗೆ ಒಯ್ದಿತು. ಅಷ್ಟರಲ್ಲಿ ಅವನ 'ಶ್ರೀರಾಮಾಶ್ವಮೇಧ' ಮುಗಿದಿತ್ತು. ಅದರಲ್ಲಿ ಹೇಳುವವನ ಎದುರು ಕೇಳುವವಳು ಕೂತಿದ್ದಾಳೆ. ಯಾವ ಕತೆ ಬೇಕು, ಬೇಡ ಎಂದು ಮನೋರಮೆಯೇ ತೀರ್ಮಾನಿಸುತ್ತಾಳೆ. ಪದ್ಯವೋ ಗದ್ಯವೋ ಎಂಬುದೂ ಅವಳದೇ ಮಾತು. ಗಂಡ ಸಂಸ್ಕೃತದ ಭಾರ ಹೊರಿಸಿದರೆ ತಡೆಯುತ್ತಾಳೆ, ನಗುತ್ತಾಳೆ, ಪ್ರಶ್ನೆ ಕೇಳುತ್ತಾಳೆ. ಕತೆ ಅವಳ ಮುಂದೆ ಬೇರೆಯಾಗುತ್ತ ಹೋಗುತ್ತದೆ. ಇದಕ್ಕೆ ಮುದ್ದಣನಿಗೆ ಯಾವ ಸಮೀಕರಣವೂ ಬೇಕಾಗಲಿಲ್ಲ. ಮಳೆಗಾಲದ ಮನೆ ಮತ್ತು ಬುದ್ಧಿವಂತ ಹೆಂಡತಿ ಸಾಕಾಗಿತ್ತು.

ನಮ್ಮ ತಾಳಮದ್ದಳೆ ಇನ್ನೂ ಹಳೆಯದು. ವಾಲಿವಧೆಯ ಪದ್ಯಗಳು ಎಲ್ಲ ಕೂಟಗಳಲ್ಲೂ ಅವೇ. ಭಾಗವತರು ಹಾಡಿದ ಮೇಲೆ ಅರ್ಥಧಾರಿಗಳು ಬಾಯಿ ತೆರೆದಾಗ ರಾತ್ರಿ ಎತ್ತ ತಿರುಗುತ್ತದೆ ಎಂದು ಹೇಳಲು ಬರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ಗೊತ್ತು: ಬಾಣ ತಾಗಿ ಬಿದ್ದವನು ವಾದದಲ್ಲಿ ಎದ್ದು ನಿಲ್ಲುತ್ತಿದ್ದ, ಮರೆಯಲ್ಲಿ ನಿಂತು ಹೊಡೆದ ರಾಮ ಉತ್ತರಕ್ಕೆ ತಡಕಾಡಬೇಕಾಗುತ್ತಿತ್ತು. ಒಂದು ಗಮನಿಸಿ. ಯಾವ ರಾತ್ರಿಯ ಯಾವ ಅರ್ಥಧಾರಿಯೂ ಬಾಣ ಎದುರಿನಿಂದ ಬಂತು ಎಂದು ಹೇಳಲಿಲ್ಲ. ಅರ್ಥ ಸಾವಿರ. ಬಾಣ ಬಂದದ್ದು ಮಾತ್ರ ಮರೆಯಿಂದಲೇ.

ಹೊರಗಿನ ಕತೆಯೂ ಇದೇ. ಒಂದು ಕೊಲೆಗೆ ಹಲವು ಸಾಕ್ಷಿಗಳು, ಒಬ್ಬೊಬ್ಬರದೂ ಬೇರೆ ಹೇಳಿಕೆ: ಮುಂದೆ ಕುರೊಸಾವಾನ 'ರಶೋಮನ್' ಚಿತ್ರಕ್ಕೆ ವಸ್ತುವಾದ ಅಕುತಗಾವಾನ ಆ ಕತೆ ಬಂದದ್ದು 1922ರಲ್ಲಿ, ಹೈಸೆನ್‌ಬರ್ಗನ ತತ್ತ್ವಕ್ಕೆ ಐದು ವರ್ಷ ಮೊದಲು. ಕವಲೊಡೆಯುವ ದಾರಿಗಳ ತೋಟದ ಕತೆಯನ್ನು ಬೋರ್ಹೆಸ್ ಪ್ರಕಟಿಸಿದ್ದು 1941ರಲ್ಲಿ. ಹಲವು ಲೋಕಗಳ ವ್ಯಾಖ್ಯಾನಕ್ಕೆ ಹ್ಯೂ ಎವರೆಟ್ ತಳಪಾಯ ಹಾಕಿದ್ದು 1957ರಲ್ಲಿ. ಗಿರೀಶ ಕಾರ್ನಾಡರ 'ನಾಗಮಂಡಲ'ದಲ್ಲಿ ಕತೆಯೇ ಹೆಣ್ಣಾಗಿ ಬಂದು ಕೂರುತ್ತದೆ, ಕೇಳುವವರು ಒಪ್ಪದಿದ್ದಾಗ ಕೊನೆ ಬದಲಾಗುತ್ತದೆ. ಅದರ ಬೇರು ಎ. ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ, ಹೆಂಗಸರ ಬಾಯಲ್ಲಿ ಉಳಿದುಬಂದ ಕತೆಗಳಲ್ಲಿದೆ. ಸಾಲ ಕೊಟ್ಟವರು ಅಡುಗೆಮನೆಯ ಅಜ್ಜಿಯರು. ನಾವು ರಸೀದಿ ಬರೆಯುತ್ತಿರುವುದು ಕೋಪನ್‌ಹೇಗನ್ನಿನ ಹೆಸರಿಗೆ.

"ಇಷ್ಟೆಲ್ಲ ಯಾಕೆ ಮಾರಾಯ್ರೆ, ಅದೊಂದು ಉಪಮೆ ತಾನೆ?" ಎಂದು ಗೆಳೆಯರೊಬ್ಬರು ಕೇಳಿದರು. ಉಪಮೆಗೆ ನನ್ನ ವಿರೋಧವಿಲ್ಲ. ಉಪಮೆಯನ್ನು ಪ್ರಮಾಣವೆಂದು ಚಲಾಯಿಸುವುದಕ್ಕೆ ವಿರೋಧ. ಈ ಎಚ್ಚರವೂ ಊರಿನದೇ. ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರೇ ಪ್ರಮಾಣಗಳನ್ನು ಒಪ್ಪಿದರು. ಉಪಮಾನಕ್ಕೆ ಪ್ರತ್ಯೇಕ ಪೀಠ ಸಿಗಲಿಲ್ಲ. ಜಗತ್ತು ಸತ್ಯ ಎಂದು ಏಳು ಶತಮಾನಗಳಿಂದ ವಾದ ಹೂಡುತ್ತ ಬಂದ ಊರಿನಲ್ಲಿ ನಿಂತು, ನೋಡುವವನಿಲ್ಲದೆ ಜಗತ್ತಿಲ್ಲ ಎನ್ನಲು ಸ್ವಲ್ಪ ಧೈರ್ಯವೇ ಬೇಕು. ಅವರ ಸಿದ್ಧಾಂತವನ್ನು ನೀವು ಒಪ್ಪಬೇಕಾಗಿಲ್ಲ. ವಾದ ಮಾಡುವ ಶಿಸ್ತನ್ನಾದರೂ ಎರವಲು ತರಬಹುದು.

ಒಳ್ಳೆಯ ಉಪಮೆ ಹೇಗಿರುತ್ತದೆ ಎಂಬುದಕ್ಕೆ ಮೈಕೆಲ್ ಫ್ರೇನ್ 1998ರಲ್ಲಿ ರಂಗಕ್ಕೆ ತಂದ 'ಕೋಪನ್‌ಹೇಗನ್' ನಾಟಕವಿದೆ. 1941ರಲ್ಲಿ, ಯುದ್ಧದ ನಡುವೆ, ಹೈಸೆನ್‌ಬರ್ಗ್ ತನ್ನ ಗುರು ನೀಲ್ಸ್ ಬೋರನನ್ನು ಕಾಣಲು ಯಾಕೆ ಹೋದ? ಸತ್ತ ಮೇಲೆ ಬೋರ್, ಅವನ ಹೆಂಡತಿ, ಹೈಸೆನ್‌ಬರ್ಗ್ ಮೂವರೂ ಕೂತು ಆ ಭೇಟಿಯನ್ನು ಮತ್ತೆ ಮತ್ತೆ ಆಡಿ ನೋಡುತ್ತಾರೆ. ಅನಿಶ್ಚಿತತೆಯ ಉಪಮೆ ಅಲ್ಲಿ ಸಲ್ಲುತ್ತದೆ, ಯಾಕೆಂದರೆ ಅದು ಪಾತ್ರಗಳ ಸ್ವಂತ ಕಸುಬಿನ ಮಾತು. ಮುಖ್ಯವಾಗಿ, ಅಣುಬಾಂಬಿನ ಹೊಣೆ ಯಾರದು ಎಂಬ ಪ್ರಶ್ನೆಯನ್ನು ನಾಟಕ ಕೈಬಿಡುವುದಿಲ್ಲ. ಅನಿಶ್ಚಿತತೆ ಹೆಚ್ಚಿದಷ್ಟೂ ಪ್ರಶ್ನೆ ಬಿಗಿಯಾಗುತ್ತದೆ.

ನಮ್ಮ ಕೋಟದ ಶಿವರಾಮ ಕಾರಂತರನ್ನೂ ನೆನೆಯಬೇಕು. ವಿಜ್ಞಾನವನ್ನು ಕನ್ನಡಕ್ಕೆ ತರಲು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಹೊರತಂದವರು ಅವರು. ಕೆಲವೇ ವರ್ಷಗಳಲ್ಲಿ, 1968ರಲ್ಲಿ, 'ಮೂಕಜ್ಜಿಯ ಕನಸುಗಳು' ಬಂತು. ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲವೆಲ್ಲ ಕಾಣುವ ಅಜ್ಜಿ. ಭೌತಶಾಸ್ತ್ರದ ನಾಲ್ಕು ಪದ ಉದುರಿಸಿ ಅಜ್ಜಿಗೊಂದು ಸರ್ಟಿಫಿಕೇಟು ಅಂಟಿಸುವ ಅರ್ಹತೆ ಕನ್ನಡದಲ್ಲಿ ಯಾರಿಗಾದರೂ ಇದ್ದರೆ ಅವರಿಗಿತ್ತು. ಅವರು ಅಂಟಿಸಲಿಲ್ಲ. ವಿಜ್ಞಾನವನ್ನು ವಿಜ್ಞಾನದ ಪುಸ್ತಕದಲ್ಲಿ ಬರೆದರು, ಅಜ್ಜಿಯನ್ನು ಕಾದಂಬರಿಯಲ್ಲಿ ಅಜ್ಜಿಯಾಗಿ ಬಿಟ್ಟರು.

ಈಗ ತಪ್ಪಿಸಿಕೊಂಡು ಹೋಗುತ್ತಿರುವ ಪ್ರಶ್ನೆಗೆ ಬರುತ್ತೇನೆ. ಮುದ್ದಣನ ಅದೇ ನಂದಳಿಕೆಯಲ್ಲಿ ಸಿರಿಜಾತ್ರೆ ನಡೆಯುತ್ತದೆ. ಸಿರಿಯ ಪಾಡ್ದನ ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಬದಲಾಗುತ್ತದೆ, ಹೇಳುವ ಸಂದರ್ಭಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಗೋಪಾಲ ನಾಯ್ಕರು ಹೇಳಿದ್ದನ್ನು ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ಅವರ ಜೊತೆಗಾರರು ದಾಖಲಿಸಿ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಾಯಿತು. ಹಲವು ರೂಪಗಳ ಕತೆ ಬೇಕೆಂದರೆ ಇದಕ್ಕಿಂತ ದೊಡ್ಡದು ಎಲ್ಲಿದೆ?

ಆದರೆ ಆ ಕತೆಯ ನಡುವೆ ಒಂದು ಸೀರೆಯಿದೆ. ಬಸುರಿ ಸಿರಿಯ ಬಯಕೆಯ ಶಾಸ್ತ್ರಕ್ಕೆಂದು ಗಂಡ ಕಾಂತು ಪೂಂಜ ತಂದ ಸೀರೆ. ದಾರಿಯಲ್ಲಿ ಅವನು ಇನ್ನೊಬ್ಬಳ ಮನೆಗೆ ಹೋಗಿದ್ದಾನೆ, ಅವಳು ಅದನ್ನು ಉಟ್ಟು ಬಿಚ್ಚಿದ್ದಾಳೆ. ನೆರೆದ ಜನರೆದುರು ಸಿರಿ ಆ ಸೀರೆಯನ್ನು ಒಲ್ಲೆ ಎನ್ನುತ್ತಾಳೆ. ಮುಂದೆ ಗಂಡನ ಮನೆಯನ್ನೇ ತೊರೆಯುತ್ತಾಳೆ. ಇಲ್ಲಿ ನಮ್ಮ ಕ್ವಾಂಟಂ ವಿಮರ್ಶಕರನ್ನು ಕೂರಿಸಿ. ಸೀರೆ ಉಟ್ಟದ್ದೂ ಹೌದು, ಉಡದ್ದೂ ಹೌದು, ನೋಡುವವರ ಮೇಲೆ ಹೋಗುತ್ತದೆ ಎನ್ನುತ್ತಾರೆ. ಕಾಂತು ಪೂಂಜನಿಗೆ ಇದಕ್ಕಿಂತ ಒಳ್ಳೆಯ ವಕೀಲ ಸಿಗುತ್ತಿರಲಿಲ್ಲ. ಸಿರಿಗೆ ಸಂಶಯವಿಲ್ಲ. ಜಾತ್ರೆಯ ರಾತ್ರಿ ಸಿರಿಯಾಗಿ ಆವೇಶಗೊಂಡು, ಮನೆಯಲ್ಲಿ ಆಡಲಾಗದ್ದನ್ನು ಆಡುವ ಹೆಂಗಸರಿಗೂ ಸಂಶಯವಿಲ್ಲ. ಅವರು 'ನನ್ನ ಸತ್ಯವೂ ಒಂದಿದೆ' ಎಂದು ಹೇಳಲು ಬಂದವರಲ್ಲ. ಇದು ನಡೆಯಿತು ಎಂದು ಹೇಳಲು ಬಂದವರು.

ಹಲವು ದನಿಗಳು ಕತೆಗೆ ಬೇಕಾಗುವುದು ಇದಕ್ಕಾಗಿಯೇ. ಬಾಯಿ ಮುಚ್ಚಿಸಿದ್ದ ಸಾಕ್ಷಿಯನ್ನು ಕರೆಸಲು. ಹೊಸ ಸಾಕ್ಷಿ ಬಂದಾಗ ಸತ್ಯ ಇನ್ನಷ್ಟು ಗಟ್ಟಿಯಾಗಬೇಕು. ಎಲ್ಲ ಹೇಳಿಕೆಗಳಿಗೂ ಸಮಾನ ತೂಕ ಕೊಟ್ಟು ಕಡತ ಮುಚ್ಚಿದರೆ ಲಾಭ ಯಾರಿಗೆ ಎಂಬುದನ್ನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಯಾವ ಬಡವನೂ ಹೇಳಬಲ್ಲ.

ಇನ್ನೊಮ್ಮೆ ಕಿಂಡಿಗೆ ಬನ್ನಿ. ಜನ ಹೇಳಿಕೊಂಡು ಬಂದ ಕತೆಯಲ್ಲಿ ಕನಕದಾಸರು ಹೊರಗೆ ಯಾಕೆ ನಿಂತಿದ್ದರು? ನೋಟದ ಪ್ರಯೋಗ ಮಾಡಲು ನಿಂತಿರಲಿಲ್ಲ. ಜಾತಿಯ ಕಾರಣಕ್ಕೆ ಒಳಗೆ ಬಿಡಲಿಲ್ಲ. ಗೋಡೆ ಒಡೆಯಿತು, ಕೃಷ್ಣ ಪಡುವಣಕ್ಕೆ ತಿರುಗಿದ ಎಂದು ಜನ ಹೇಳಿದರು. ದೇವರೇ ತಿರುಗಬೇಕಾಯಿತು ಎನ್ನುವಾಗ ಮನುಷ್ಯರು ತಿರುಗಲಿಲ್ಲ ಎಂಬ ಮಾತೂ ಅದರೊಳಗಿದೆ. ಆ ಕತೆಯ ಜೀವ ಇರುವುದು ಗೋಡೆಯಲ್ಲಿ. ಭಾಷಣಕಾರರು ಕನಕದಾಸರನ್ನು ಉಳಿಸಿಕೊಂಡರು, ಕೃಷ್ಣನನ್ನು ಉಳಿಸಿಕೊಂಡರು, ನಡುವಿನ ಗೋಡೆಯನ್ನು ಮಾಯ ಮಾಡಿದರು. ಗೋಡೆ ಕಟ್ಟಿದವರು ಯಾರು, ಬಿಡದವರು ಯಾರು ಎಂದು ಕೇಳುವ ಕಷ್ಟ ಇನ್ನಿಲ್ಲ. ನೋಡುವವನು, ನೋಡುವ ವಸ್ತು, ಇಬ್ಬರೇ ಉಳಿದರು. ಅಂದು ಸಭೆ ಚಪ್ಪಾಳೆ ತಟ್ಟಿದ್ದು ಈ ನೆಮ್ಮದಿಗೆ ಎಂದು ನನಗೆ ಗುಮಾನಿ.

ಆದ್ದರಿಂದ ಒಂದೆರಡು ಬೇಡಿಕೆಗಳು. ಬೆನ್ನುಡಿ ಬರೆಯುವವರೇ, 'ಕ್ವಾಂಟಂ' ಎಂಬ ಪದವನ್ನು ತೆಗೆದು ನಿಮ್ಮ ವಾಕ್ಯವನ್ನು ಮತ್ತೆ ಓದಿ. ಅರ್ಥ ಕಡಿಮೆಯಾಗದಿದ್ದರೆ ಪದ ದಂಡ. ಕತೆಗಾರರೇ, ಭೌತಶಾಸ್ತ್ರ ನಿಮ್ಮನ್ನು ನಿಜವಾಗಿ ಸೆಳೆದಿದ್ದರೆ ಅದನ್ನು ಕಲಿಯಿರಿ. ಪ್ರಯೋಗಾಲಯದಲ್ಲಿ ರಾತ್ರಿ ಕೂತು ಚುಕ್ಕಿ ಎಣಿಸುವವರ ಕತೆ ಕನ್ನಡಕ್ಕೆ ಬೇಕು. ಕೇಳುವ ನಾವು, ವೇದಿಕೆಯಿಂದ ಬೆಕ್ಕು ಇಳಿದುಬಂದಾಗ ಕೈಯೆತ್ತಿ ಒಂದು ಪ್ರಶ್ನೆ ಕೇಳೋಣ: ಈ ಕತೆಯಲ್ಲಿ ನಡೆದದ್ದೇನು, ಮಾಡಿದವರು ಯಾರು?

ಚಹಾ ಮುಗಿಸುತ್ತ ಆ ಹುಡುಗನಿಗೆ ಮನೋರಮೆಯ ವಿಷಯ ಹೇಳಿದೆ. ಅವನು ತಲೆಯಾಡಿಸಿ ಕೇಳಿದ: "ಮುದ್ದಣ ಯಾರು ಸರ್?" ಅವನ ಮನೆಯಿಂದ ನಂದಳಿಕೆಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಅವನನ್ನು ಬೈಯಲು ಮನಸ್ಸಾಗಲಿಲ್ಲ. ವೇದಿಕೆಯ ಮೇಲಿದ್ದವರು ಎಲೆಕ್ಟ್ರಾನಿನ ಬಗ್ಗೆ ಬೀಸಿದ ಮಾತಿನ ಬದಲು ಅವನಿಗೆ ಮುದ್ದಣನನ್ನು ಓದಿ ಹೇಳಿದ್ದರೆ ಆ ಸಂಜೆ ಸಾರ್ಥಕವಾಗುತ್ತಿತ್ತು. ಎಲೆಕ್ಟ್ರಾನಿನ ಬಗ್ಗೆ ಅವನೇ ಅವರಿಗೆ ಹೇಳಿಕೊಡುತ್ತಿದ್ದ. ಮುಂದಿನ ವಾರ ಪುಸ್ತಕ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಬದಲಿಗೆ ಅವನು ನನಗೆ ಆ ಪಟ್ಟೆಗಳ ಲೆಕ್ಕ ಹೇಳಿಕೊಡಬೇಕು.